ಬೆಂಕಿಹಕ್ಕಿಯ ಹದಿನೆಂಟು ಎಣಿಕೆ

ಹೋದ ಮಳೆಗಾಲದ ಒಂದು ಭಾನುವಾರ ಮಾಟುಂಗಾದ ನಮ್ಮ ಮನೆಯಲ್ಲಿ ಐದು ಜನ ಕೂತು ಒಂದು ಹಳೆಯ ಎಲ್‌ಪಿ (ಗ್ರಾಮಫೋನ್ ತಟ್ಟೆ) ಕೇಳಿದೆವು. ಕೇಳಿದ್ದು ನಲವತ್ತು ನಿಮಿಷ, ಜಗಳವಾಡಿದ್ದು ಎರಡು ಗಂಟೆ. ಮಹಾವಿಷ್ಣು ಆರ್ಕೆಸ್ಟ್ರಾ 1973ರಲ್ಲಿ ಹೊರತಂದ ‘ಬರ್ಡ್ಸ್ ಆಫ್ ಫೈರ್’ ಎಂಬ ಆಲ್ಬಂ ಅದು. ಜಾಝ್‌ನ ಮನೋಧರ್ಮವನ್ನು ರಾಕ್‌ನ ಅಬ್ಬರಕ್ಕೆ ಕಟ್ಟಿಹಾಕಿದ, ವೇಗಕ್ಕೆ ಹೆಸರಾದ, ಅದೇ ವೇಗಕ್ಕಾಗಿ ಬೈಗುಳವನ್ನೂ ತಿಂದ ಸಂಗೀತ.

ಕೇಳಿದವರಲ್ಲಿ ಒಬ್ಬರು ಧಾರವಾಡದಿಂದ ಬಂದಿದ್ದ ಅತ್ತೆ, ಹಿಂದೂಸ್ತಾನಿ ಗಾಯನ ಕಲಿತವರು. ಇನ್ನೊಬ್ಬರು ಬ್ಯಾಂಕಿನಿಂದ ನಿವೃತ್ತರಾದ ಭಾವ, ಎಲ್‌ಪಿ ಅವರದೇ. ಮೂರನೆಯವರು ಮೊದಲ ಮಹಡಿಯ ನೆರೆಯವರು. ಹಗಲು ಹೋಟೆಲಿನ ಗಲ್ಲಾದಲ್ಲಿ ಕೂತು, ರಜೆಯ ದಿನಗಳಲ್ಲಿ ಯಕ್ಷಗಾನಕ್ಕೆ ಮದ್ದಳೆ ನುಡಿಸುತ್ತಾರೆ. ಶಬ್ದಗ್ರಹಣ ಕಲಿಯುತ್ತಿರುವ ಅಣ್ಣನ ಮಗಳು ನಾಲ್ಕನೆಯವಳು. ನನ್ನ ಪಾಲಿಗೆ ಬಂದದ್ದು ಕಾಫಿ ಮತ್ತು ಮಧ್ಯಸ್ಥಿಕೆ.

ಮೊದಲ ತುಣುಕು ಮುಗಿಯುವಷ್ಟರಲ್ಲಿ ನಾಲ್ಕು ತೀರ್ಪುಗಳು ಬಂದಿದ್ದವು. “ಇದರಲ್ಲಿ ಉಸಿರು ಬಿಡುವುದು ಎಲ್ಲಿ ತಮ್ಮಾ?” ಎಂದರು ಅತ್ತೆ. “ಹೀಗೆ ನುಡಿಸುವವರು ಮತ್ತೆ ಹುಟ್ಟಲಿಲ್ಲ” ಎಂದರು ಭಾವ. ಮದ್ದಳೆಯವರು ಟೀಪಾಯಿಯ ಮೇಲೆ ಬೆರಳಾಡಿಸುತ್ತಿದ್ದವರು “ಹದಿನೆಂಟು” ಎಂದಷ್ಟೇ ಹೇಳಿ ಸುಮ್ಮನಾದರು. ಅಣ್ಣನ ಮಗಳಿಗೆ ಸಂಗೀತದ ಬಗ್ಗೆ ಹೇಳುವುದೇನೂ ಇರಲಿಲ್ಲ, ನನ್ನ ಸ್ಪೀಕರಿನ ಬಗ್ಗೆ ಇತ್ತು.

ಈ ಆಲ್ಬಮ್ಮಿನ ಸುತ್ತ ಐವತ್ತು ವರ್ಷಗಳಿಂದ ನಡೆದಿರುವ ವಾದ ಹೆಚ್ಚುಕಡಿಮೆ ಇದೇ. ಕೈಚಳಕ ಹೆಚ್ಚಾಯಿತೋ, ಭಾವ ಕಡಿಮೆಯಾಯಿತೋ ಎಂದು ಒಂದೇ ತಕ್ಕಡಿಯಲ್ಲಿ ಎರಡನ್ನೂ ಇಟ್ಟು ತೂಗುತ್ತಾರೆ. ಆ ತಕ್ಕಡಿಯೇ ಸರಿಯಿಲ್ಲ ಎಂದು ನನಗೆ ಅನ್ನಿಸಿದ್ದು ಆ ಭಾನುವಾರ. ನಮ್ಮ ನಾಲ್ವರ ಜಗಳ ವೇಗದ ಬಗ್ಗೆ ಇರಲೇ ಇಲ್ಲ. ಎಣಿಕೆ ಎಲ್ಲಿಗೆ ಮರಳಿ ಬರುತ್ತದೆ, ಆ ಜಾಗ ಯಾರ ಕಿವಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದರ ಬಗ್ಗೆ ಇತ್ತು.

ಈ ಹಳೆಯ ಎಲ್‌ಪಿಯನ್ನು ಈಗ ಯಾಕೆ ತೆಗೆದೆವು ಎಂಬುದಕ್ಕೂ ಕಾರಣವಿದೆ. 2024ರ ಫೆಬ್ರುವರಿಯಲ್ಲಿ ‘ಶಕ್ತಿ’ ತಂಡದ ‘ದಿಸ್ ಮೊಮೆಂಟ್’ ಆಲ್ಬಮ್ಮಿಗೆ ಗ್ರ್ಯಾಮಿ ಬಂತು. ಅದೇ ಡಿಸೆಂಬರ್ 15ರಂದು ಆ ತಂಡದ ತಬಲಾ ವಾದಕ ಜಾಕಿರ್ ಹುಸೇನ್ ತೀರಿಕೊಂಡರು. ಅವರು ನಮ್ಮಿಂದ ಕೂಗಳತೆಯ ಮಾಹಿಮಿನಲ್ಲಿ ಬೆಳೆದವರು. ಈ ಭಾಗದ ಜನರಿಗೆ ಅವರ ಸಾವು ಪಕ್ಕದ ಓಣಿಯ ಸಾವಿನ ಹಾಗೆ ತಟ್ಟಿತು. ಆಮೇಲೆ ನನಗೆ ಗೊತ್ತಿರುವ ಹುಡುಗ ಹುಡುಗಿಯರು ಶಕ್ತಿಯನ್ನು ಹಿಡಿದುಕೊಂಡು ಹಿಂದಕ್ಕೆ ನಡೆಯತೊಡಗಿದರು. ಶಕ್ತಿಯಲ್ಲಿ ಜಾಕಿರರ ಜೊತೆ ಗಿಟಾರ್ ಹಿಡಿದವರು ಜಾನ್ ಮ್ಯಾಕ್‌ಲಾಫ್ಲಿನ್. ಅವರ ಜಾಡು ಹಿಡಿದು ಹಿಂದೆ ಹೋದರೆ ಮಹಾವಿಷ್ಣು ಎದುರಾಗುತ್ತದೆ. ತಬಲಾ, ಘಟ, ಪಿಟೀಲಿನ ನಾದಕ್ಕೆ ಒಗ್ಗಿದ ಕಿವಿಗೆ ಅಲ್ಲಿ ಕೇಳಿಸುವುದು ವಿದ್ಯುತ್ತಿನ ಗರ್ಜನೆ. ಕೆಲವರು ಅಲ್ಲೇ ನಿಂತುಬಿಡುತ್ತಾರೆ. ಕೆಲವರು ಓಡಿಬರುತ್ತಾರೆ.

ಮ್ಯಾಕ್‌ಲಾಫ್ಲಿನ್ 1942ರಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ಹುಟ್ಟಿದವರು. 1969ರಲ್ಲಿ ಅಮೆರಿಕಕ್ಕೆ ಹೋಗಿ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ ಧ್ವನಿಮುದ್ರಣಗಳಲ್ಲಿ ನುಡಿಸಿದರು. ಜಾಝ್ ವಿದ್ಯುತ್ ವಾದ್ಯಗಳನ್ನು ಕೈಗೆತ್ತಿಕೊಂಡದ್ದು ಆ ಹೊತ್ತಿನಲ್ಲೇ. 1971ರಲ್ಲಿ ಸ್ವಂತ ತಂಡ ಕಟ್ಟಿದರು. ಮಹಾವಿಷ್ಣು ಎಂಬುದು ಅವರ ಗುರು ಶ್ರೀ ಚಿನ್ಮಯ್ ಕೊಟ್ಟ ಹೆಸರು. ಪನಾಮದಲ್ಲಿ ಹುಟ್ಟಿದ ಬಿಲ್ಲಿ ಕಾಬಮ್ ಡ್ರಮ್ಸ್‌ಗೆ, ಪ್ರಾಗ್‌ನಿಂದ ಬಂದ ಯಾನ್ ಹ್ಯಾಮರ್ ಕೀಬೋರ್ಡಿಗೆ, ಅಮೆರಿಕದ ಜೆರ್ರಿ ಗುಡ್‌ಮನ್ ಪಿಟೀಲಿಗೆ, ಐರ್ಲೆಂಡಿನ ರಿಕ್ ಲೇರ್ಡ್ ಬಾಸ್ ಗಿಟಾರಿಗೆ. ಐದು ದಿಕ್ಕಿನ ಐವರು. ‘ಬರ್ಡ್ಸ್ ಆಫ್ ಫೈರ್’ ಅವರ ಎರಡನೆಯ ಆಲ್ಬಂ. ಒಂದಕ್ಷರದ ಹಾಡೂ ಇಲ್ಲದ ಈ ಸಂಗೀತ ಅಮೆರಿಕದ ಜನಪ್ರಿಯ ಆಲ್ಬಮ್ಮುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 15ನೆಯ ಸ್ಥಾನದವರೆಗೆ ಏರಿತು. ‘ಇದು ಸಂಗೀತಗಾರರೇ ಕೇಳಬೇಕಾದ ಸಂಗೀತ’ ಎಂದು ಮೂಗೆಳೆಯುವವರು ಆ 15ನ್ನು ಮರೆಯುತ್ತಾರೆ.

ಇನ್ನು ಆ ಹದಿನೆಂಟರ ಕಥೆ. ಶೀರ್ಷಿಕೆಯ ತುಣುಕು ಶುರುವಾಗುವುದು ದೊಡ್ಡ ಜಾಗಟೆಯೊಂದರ ಹೊಡೆತದಿಂದ. ಒಂದರ ಕಂಪನ ಆರುವ ಮೊದಲೇ ಇನ್ನೊಂದು. ಜಾಗಟೆ ಕೇಳಿದ್ದೇ ಮದ್ದಳೆಯವರು ಬೆನ್ನು ನೆಟ್ಟಗೆ ಮಾಡಿ ಕೂತರು. ಭಾಗವತರು ಬಂದರು ಎಂದುಕೊಂಡರೋ ಏನೋ. ಆಮೇಲೆ ಗಿಟಾರಿನ ಬಿಡಿಬಿಡಿ ಸ್ವರಗಳು, ಅವುಗಳ ಕೆಳಗೆ ಒಂದೇ ನಡಿಗೆಯಲ್ಲಿ ತಿರುಗುವ ಬಾಸ್, ಮೇಲೆ ಗಿಟಾರ್ ಮತ್ತು ಪಿಟೀಲು ಕೂಡಿ ಎತ್ತುವ ರಾಗ. ಮದ್ದಳೆಯವರು ಬಾಯಲ್ಲಿ ಸಣ್ಣಗೆ ಹೇಳಿಕೊಳ್ಳುತ್ತಿದ್ದರು: ತಕತಕಿಟ, ತಕತಕಿಟ, ತಕತಕಿಟ, ತಕಿಟ. ಮೂರು ಖಂಡ (ಐದರ ಗುಂಪು), ಒಂದು ತಿಶ್ರ (ಮೂರರ ಗುಂಪು). ಐದು ಮೂರಲೆ ಹದಿನೈದು, ಮೇಲೆ ಮೂರು.

ಭಾವ ಒಪ್ಪಲಿಲ್ಲ. ಈ ಎಲ್‌ಪಿಯನ್ನು ನಲವತ್ತು ವರ್ಷಗಳಿಂದ ತಲೆಯಾಡಿಸುತ್ತ ಕೇಳಿದವರು ಅವರು. ಅವರ ತಲೆ ಆಡುವುದು ಮೂರು ಮೂರರಂತೆ, ಆರು ಸಲ. ಅದೂ ಹದಿನೆಂಟೇ. “ನೀವು ಎಣಿಸಿದರೆ ಕುಂಟುತ್ತದೆ ಮಾರಾಯರೇ” ಎಂದರು. “ಅದು ಕುಂಟಬೇಕೆಂದೇ ಇರುವುದು” ಎಂದರು ಮದ್ದಳೆಯವರು.

ಒಂದು ಕ್ಷಣ ಇಲ್ಲಿ ನಿಲ್ಲುವುದು ಒಳ್ಳೆಯದು. ಲೆಕ್ಕ ಒಂದೇ ಆದರೂ ಇಬ್ಬರೂ ಕೇಳಿದ್ದು ಬೇರೆ ಬೇರೆ ಸಂಗೀತ. ಐದೈದಾಗಿ ನಡೆದು ಕೊನೆಗೆ ಮೂರಕ್ಕೆ ಬಂದರೆ, ಕತ್ತಲಲ್ಲಿ ಮೆಟ್ಟಿಲಿಳಿಯುವಾಗ ಕಡೆಯದೊಂದು ಗಿಡ್ಡವಾಗಿ ಸಿಕ್ಕ ಹಾಗೆ ಕಾಲು ತಡವರಿಸುತ್ತದೆ. ಪ್ರತಿ ಆವರ್ತಕ್ಕೂ ಅದೇ ಗಿಡ್ಡ ಮೆಟ್ಟಿಲು. ನಾಲ್ಕನೆಯ ಸಲಕ್ಕೆ ಅದು ತಡವರಿಕೆ ಅನ್ನಿಸುವುದಿಲ್ಲ. ಅಲ್ಲಿ ಕಾಲಿಡಲು ದೇಹ ಕಾದಿರುತ್ತದೆ. ಮದ್ದಳೆಯವರಿಗೆ ಆ ಕಾಯುವಿಕೆಯಲ್ಲೇ ಖುಷಿ. ಭಾವನಿಗಾದರೆ ನೆಲ ಸಮತಟ್ಟು, ಮೂರರ ನಡಿಗೆ ನಿರಾತಂಕ, ಆದರೆ ಗಿಟಾರಿನ ಪೆಟ್ಟುಗಳು ಅವರ ಹೆಜ್ಜೆಗೆ ಅಡ್ಡಡ್ಡ ಬೀಳುತ್ತವೆ. ಅದನ್ನೇ ಅವರು ಇಷ್ಟು ವರ್ಷ ‘ಹುಚ್ಚು ಪ್ರತಿಭೆ’ ಎಂದು ಕರೆದದ್ದು. ಒಬ್ಬರಿಗೆ ಶಿಸ್ತಾಗಿ ಕೇಳಿಸಿದ್ದು ಇನ್ನೊಬ್ಬರಿಗೆ ಹುಚ್ಚಾಗಿ ಕೇಳಿಸಿತ್ತು, ಇಬ್ಬರೂ ಅದನ್ನೇ ಹೊಗಳುತ್ತಿದ್ದರು.

ಅತ್ತೆಯ ಕಷ್ಟ ಬೇರೆ. ಅವರ ಕೈ ತಾನಾಗಿ ಹದಿನಾರರ ತೀನ್‌ತಾಲ್ ಹಾಕುತ್ತಿತ್ತು. ಹದಿನಾರಕ್ಕೆ ಸಮ್ (ಎಣಿಕೆ ಮರಳಿ ಶುರುವಾಗುವ ಮೊದಲ ಮಾತ್ರೆ) ಹಿಡಿಯಲು ಹೋದರೆ ಎರಡು ಮಾತ್ರೆ ಆಚೆ ಜಾರುತ್ತದೆ. ಮುಂದಿನ ಸುತ್ತಿಗೆ ನಾಲ್ಕು, ಅದರ ಮುಂದಿನದಕ್ಕೆ ಆರು. ಹೀಗೆ ಪ್ರತಿ ಸಲ ಬಸ್ಸು ತಪ್ಪುತ್ತಿದ್ದರೆ ನಿಲ್ದಾಣದಲ್ಲಿ ನಿಂತವರು ಊರನ್ನೇ ಬೈಯುತ್ತಾರೆ. “ಉಸಿರಿಲ್ಲ” ಎಂದರೆ ಅದು.

ಭಾವ ಸುಮ್ಮನಿರುವವರಲ್ಲ. “ಹಾಗಾದರೆ ಮಲ್ಲಿಕಾರ್ಜುನ ಮನ್ಸೂರರು ಎಲ್ಲಿ ಉಸಿರು ಬಿಡುತ್ತಿದ್ದರು?” ಎಂದು ಕೇಳಿದರು. ಮುಂಬೈಯಲ್ಲಿ ಮಂಜೀ ಖಾನರ ಬಳಿ ಕಲಿತು ಜೈಪುರ ಅತ್ರೌಲಿ ಶೈಲಿಯನ್ನು ಧಾರವಾಡದ ಮನೆಮಾತಾಗಿಸಿದ ಗಾಯಕ ಅವರು. ಒಂದು ತಾನಿನ ಬಾಲಕ್ಕೆ ಇನ್ನೊಂದು ತಾನು ಪೋಣಿಸುತ್ತ ಹೋಗುವ ಆ ಗಾಯನವನ್ನು ಮೊದಲ ಸಲ ಕೇಳಿದವರಿಗೆ ಅದೂ ಮುಗಿಯದ ಪ್ರವಾಹವೇ. ಮನ್ಸೂರರ ಹೆಸರನ್ನು ಹೀಗೆ ಎಳೆದುತಂದದ್ದಕ್ಕೆ ಅತ್ತೆ ಸಿಟ್ಟಾದರು. ಆದರೆ ಅವರು ಕೊಟ್ಟ ಉತ್ತರ ಇಡೀ ಚರ್ಚೆಯ ಕೀಲಿಯಾಗಿತ್ತು: “ಅವರು ಸಮ್‌ಗೆ ಬರುತ್ತಾರಲ್ಲ, ಅಲ್ಲಿ ನಾವು ಉಸಿರು ಬಿಡುತ್ತೇವೆ.”

ಅಂದರೆ ಉಸಿರು ಬಿಡುವವರು ಕೇಳುಗರು. ಎಣಿಕೆ ಮನೆಗೆ ಮರಳುವ ಜಾಗ ಗೊತ್ತಿದ್ದರೆ ನಡುವೆ ಎಷ್ಟು ಸ್ವರ ಸುರಿದರೂ ಕಿವಿ ದಣಿಯುವುದಿಲ್ಲ. ಗೊತ್ತಿಲ್ಲದಿದ್ದರೆ ನಿಧಾನಗತಿಯ ವಿಲಂಬಿತವೂ ದಣಿಸುತ್ತದೆ. ನಮ್ಮ ಸಭೆಗಳಲ್ಲಿ ತನಿ ಆವರ್ತನ, ಅಂದರೆ ತಾಳವಾದ್ಯಗಳಷ್ಟೇ ನುಡಿಯುವ ಭಾಗ, ಶುರುವಾದೊಡನೆ ಕ್ಯಾಂಟೀನಿನತ್ತ ಎದ್ದು ಹೋಗುವವರನ್ನು ನೋಡಿ. ಅವರು ವೇಗಕ್ಕೆ ಹೆದರಿ ಎದ್ದವರಲ್ಲ. ಅದೇ ಜನ ಅದಕ್ಕಿಂತ ವೇಗದ ಸ್ವರಪ್ರಸ್ತಾರಕ್ಕೆ ಚಪ್ಪಾಳೆ ತಟ್ಟಿರುತ್ತಾರೆ. ಸಾಹಿತ್ಯದ ಸಾಲೊಂದು ಮರಳಿ ಬರುವಷ್ಟು ಹೊತ್ತು ಅವರಿಗೆ ದಾರಿ ಕಾಣುತ್ತಿರುತ್ತದೆ. ಹಾಡು ನಿಂತು ಬರೀ ಲೆಕ್ಕ ಉಳಿದಾಗ ದಾರಿ ತಪ್ಪುತ್ತದೆ, ಕಾಫಿ ನೆನಪಾಗುತ್ತದೆ.

ಇಷ್ಟು ಹೊತ್ತಿಗೆ ಅಣ್ಣನ ಮಗಳು ತನ್ನ ಪ್ರಯೋಗ ಶುರುಮಾಡಿದ್ದಳು. ನಾವು ಎಲ್‌ಪಿ ಕೇಳಿದ್ದು ನನ್ನ ಪುಸ್ತಕದ ಕಪಾಟಿನ ಎರಡು ಸಣ್ಣ ಸ್ಪೀಕರುಗಳಲ್ಲಿ. ಅದೇ ತುಣುಕನ್ನು ಮೊದಲು ಮೊಬೈಲಿನ ಸ್ಪೀಕರಿನಲ್ಲಿ ಹಾಕಿದಳು. ಡಬ್ಬಿಯಲ್ಲಿ ಮೊಳೆ ಅಲುಗಾಡಿಸಿದ ಹಾಗೆ ಕೇಳಿಸಿತು. ಆಮೇಲೆ ತಾನು ಕೆಲಸಕ್ಕೆ ಬಳಸುವ ದೊಡ್ಡ ಹೆಡ್‌ಫೋನನ್ನು ಅತ್ತೆಯ ಕಿವಿಗೆ ಇಟ್ಟಳು. ಅತ್ತೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. ಬಲಗೈ ತೊಡೆಯ ಮೇಲೆ ಹೊಸದೊಂದು ಲೆಕ್ಕ ಹಾಕತೊಡಗಿತು, ಹದಿನಾರನ್ನು ಕೈಬಿಟ್ಟು. “ಕೆಳಗೊಬ್ಬ ಇದ್ದಾನಲ್ಲ, ಅವನು ಯಾರು?” ಎಂದು ಕೇಳಿದರು.

ಅವನು ರಿಕ್ ಲೇರ್ಡ್. 2021ರಲ್ಲಿ ತೀರಿಕೊಂಡ ಈ ಬಾಸ್ ವಾದಕನ ಹೆಸರು ಈ ಆಲ್ಬಮ್ಮಿನ ಚರ್ಚೆಗಳಲ್ಲಿ ಬರುವುದೇ ಅಪರೂಪ. ಉಳಿದ ನಾಲ್ವರು ಹಾರುತ್ತಿರುವಾಗ ಇವನೊಬ್ಬ ನೆಲದ ಮೇಲೆ ಅದೇ ಸುತ್ತನ್ನು ಸುತ್ತುತ್ತಿರುತ್ತಾನೆ. ಎಣಿಕೆ ಎಲ್ಲಿ ಮುಗಿದು ಎಲ್ಲಿ ಶುರುವಾಯಿತು ಎಂಬುದನ್ನು ಹೇಳುವವನು ಅವನೇ. ಮೊಬೈಲಿನ ಪುಟ್ಟ ಸ್ಪೀಕರಿಗೆ ಕೆಳಸ್ಥಾಯಿ ನುಡಿಸುವ ಶಕ್ತಿ ಇರುವುದಿಲ್ಲ. ಅದು ಮೊದಲು ನುಂಗಿಹಾಕುವುದು ಬಾಸನ್ನು. ಲೋಕಲ್ ರೈಲಿನ ಗದ್ದಲದಲ್ಲಿ ಸಾಧಾರಣ ಇಯರ್‌ಫೋನ್ ಹಾಕಿಕೊಂಡರೂ ಹೀಗೇ. ಗಾಲಿಯ ಗುಡುಗು ಮತ್ತು ಬಾಸ್ ಒಂದೇ ಜಾಗಕ್ಕೆ ಜಗಳವಾಡುತ್ತವೆ, ಗಾಲಿ ಗೆಲ್ಲುತ್ತದೆ. ಆಗ ಉಳಿಯುವುದು ಮೇಲಿನ ಮೂವರ ಓಟ ಮಾತ್ರ. ಶ್ರುತಿಯಿಲ್ಲದೆ, ತಾಳ ಹಾಕುವವರಿಲ್ಲದೆ ಬರೀ ಚೆಂಡೆ ಕೇಳಿದ ಹಾಗೆ. ಈ ಸಂಗೀತವನ್ನು ‘ಬರೀ ಗದ್ದಲ’ ಎಂದವರಲ್ಲಿ ಎಷ್ಟು ಜನ ಲೇರ್ಡ್‌ನನ್ನು ಕೇಳದೆಯೇ ಹಾಗೆಂದರೋ ಎಂದು ನನಗೆ ಈಗ ಅನುಮಾನ.

(ಆಲ್ಬಮ್ಮಿನ ಮೂರನೆಯ ತುಣುಕಿನ ಹೆಸರು ‘ಸೆಲೆಸ್ಟಿಯಲ್ ಟೆರೆಸ್ಟ್ರಿಯಲ್ ಕಮ್ಯೂಟರ್ಸ್’. ಸ್ವರ್ಗಕ್ಕೂ ಭೂಮಿಗೂ ನಡುವೆ ದಿನಾ ಓಡಾಡುವ ಪ್ರಯಾಣಿಕರು! ಮೂರು ನಿಮಿಷಕ್ಕೂ ಕಡಿಮೆ. ಮಾಟುಂಗಾದಲ್ಲಿ ಹತ್ತಿದರೆ ದಾದರ್ ಬರುವಷ್ಟರಲ್ಲಿ ಮುಗಿಯುತ್ತದೆ. ಈ ಊರಿನವರಿಗೆ ಇದಕ್ಕಿಂತ ಹೊಂದುವ ಹೆಸರು ಸಿಗಲಾರದು.)

ಕೇಳುವ ಸಾಧನದ ಮಾತು ಬಂದಮೇಲೆ ಎಲ್‌ಪಿಯ ಬಗ್ಗೆಯೂ ಹೇಳಬೇಕು. ಹಳೆಯದೆಲ್ಲ ಚಿನ್ನ ಎನ್ನುವ ಪೈಕಿ ನಾನಲ್ಲ. ಕಾಲಾಘೋಡಾದ ಸಂಗೀತದಂಗಡಿ ರಿದಮ್ ಹೌಸ್ 2016ರಲ್ಲಿ ಬಾಗಿಲು ಹಾಕಿದಾಗ ಕಣ್ಣೀರಿಟ್ಟವರಲ್ಲಿ ಬಹಳ ಮಂದಿ ಅಲ್ಲಿ ಕೊನೆಗೆ ಯಾವಾಗ ದುಡ್ಡು ಕೊಟ್ಟು ಏನು ಕೊಂಡಿದ್ದರು ಎಂದು ಕೇಳಬೇಕು ಅನ್ನಿಸಿತ್ತು. ಆದರೆ ಈ ಆಲ್ಬಮ್ಮಿನ ಮಟ್ಟಿಗೆ ಎಲ್‌ಪಿಗೆ ಒಂದು ಮೇಲುಗೈ ಇದೆ: ಅದು ನಡುವೆ ನಿಲ್ಲುತ್ತದೆ. ಮೊದಲ ಬದಿಯಲ್ಲಿ ಆರು ತುಣುಕು. ಆರನೆಯದು ‘ಹೋಪ್’, ಎರಡು ನಿಮಿಷವೂ ಇಲ್ಲ, ಏರುತ್ತ ಏರುತ್ತ ಹೋಗಿ ಮುಗಿಯುತ್ತದೆ. ಅಲ್ಲಿ ಯಾರಾದರೂ ಎದ್ದು ತಟ್ಟೆ ಮಗುಚಬೇಕು. ಮಗುಚಿದ ಮೇಲೆ ಬರುವುದು ‘ಒನ್ ವರ್ಡ್’, ಸುಮಾರು ಹತ್ತು ನಿಮಿಷದ್ದು, ಇಡೀ ಆಲ್ಬಮ್ಮಿನ ಬೆನ್ನೆಲುಬು. ಕಾಬಮ್‌ನ ಡ್ರಮ್ ಉರುಳಿಕೆ ದೂರದಿಂದ ಹತ್ತಿರವಾಗುತ್ತ ಬರುತ್ತದೆ. ಅದಕ್ಕೆ ಮೊದಲು ಒಂದೆರಡು ನಿಮಿಷದ ಮೌನ ಬೇಕೇ ಬೇಕು. ಮೊಬೈಲಿನಲ್ಲಿ ಆ ಮೌನ ಒಂದು ಸೆಕೆಂಡು. ಕೇಳುಗ ಇನ್ನೂ ಏದುಸಿರು ಬಿಡುತ್ತಿರುವಾಗಲೇ ಅತಿ ಕಠಿಣವಾದ ಭಾಗ ಮೇಲೆ ಬೀಳುತ್ತದೆ. 22 ಸೆಕೆಂಡಿನ ತುಣುಕೊಂದೂ ಇದೆ ಇಲ್ಲಿ, ‘ಸಫೈರ್ ಬುಲೆಟ್ಸ್ ಆಫ್ ಪ್ಯೂರ್ ಲವ್’. ಸಾಲಿನಲ್ಲಿ ಕೇಳಿದರೆ ಅದು ಮುಂದಿನ ಶಾಂತ ತುಣುಕಿನ ಬಾಗಿಲು ಬಡಿಯುವ ಸದ್ದು. ಹಾಡುಗಳನ್ನು ಕಲಸಿ ಹಾಕುವ ಆ್ಯಪಿನಲ್ಲಿ ಎಲ್ಲೋ ನಡುವೆ ಬಂದರೆ ಏನೋ ಕೆಟ್ಟಿತು ಎಂದು ಜನ ಮೊಬೈಲ್ ನೋಡಿಕೊಳ್ಳುತ್ತಾರೆ.

ನಮ್ಮವರಲ್ಲಿ ಮತ್ತೊಂದು ಬಗೆಯ ಅಭಿಪ್ರಾಯವಿದೆ. ಮದ್ದಳೆಯವರು ಆ ದಿನ ಅದನ್ನು ಹೆಮ್ಮೆಯಿಂದ ಹೇಳಿದರು: “ಇದೆಲ್ಲ ನಮ್ಮದೇ ತಾಳ ಅಲ್ಲವೇ? ಅವರು ಕಲಿತದ್ದು ನಮ್ಮಿಂದಲೇ.” ಅರ್ಧ ನಿಜ. ಮ್ಯಾಕ್‌ಲಾಫ್ಲಿನ್ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿತರು. ಮುಂದೆ ಶಕ್ತಿಯಲ್ಲಿ ಪಿಟೀಲಿನ ಎಲ್. ಶಂಕರ್, ಘಟದ ಟಿ.ಎಚ್. ವಿನಾಯಕರಾಮ್ ಅವರ ಜೊತೆ ನುಡಿಸಿದರು; ಲಯದ ಜತಿಗಳನ್ನು ಬಾಯಲ್ಲಿ ನುಡಿಯುವ ಕೊನ್ನಕೋಲಿನ ಪಾಠವನ್ನು ಸೆಲ್ವಗಣೇಶ್ ಜೊತೆ ಸೇರಿ ಡಿವಿಡಿ ರೂಪದಲ್ಲಿಯೂ ತಂದರು. ಆದರೆ ವಿಚಿತ್ರ ಎಣಿಕೆಗಳು ಜಾಝ್‌ಗೆ ಬಂದ ದಾರಿ ಒಂದೇ ಅಲ್ಲ. ಅಮೆರಿಕದ ಜಾಝ್ ಪಿಯಾನೊ ವಾದಕ ಡೇವ್ ಬ್ರೂಬೆಕ್ 1958ರಲ್ಲಿ ತುರ್ಕಿಯ ಬೀದಿ ವಾದ್ಯಗಾರರಿಂದ ಒಂಬತ್ತರ ನಡೆಯನ್ನು ಕೇಳಿ ಮರುವರ್ಷದ ಆಲ್ಬಮ್ಮಿಗೆ ತಂದದ್ದು ಎಲ್ಲರಿಗೂ ಗೊತ್ತಿರುವ ಕಥೆ.

ಅದಕ್ಕಿಂತ ಮುಖ್ಯವಾದ ವ್ಯತ್ಯಾಸ ರಚನೆಯಲ್ಲಿದೆ. ನಮ್ಮಲ್ಲಿ ತಾಳ ಕೈಯಲ್ಲಿರುತ್ತದೆ, ಹಾಡು ಅದರ ಮೇಲೆ ಹೇಗಾದರೂ ನಡೆಯಬಹುದು. ಪೆಟ್ಟು, ಬೆರಳೆಣಿಕೆ, ಬೀಸು ಎಂದು ಆವರ್ತದ ಒಳಗೆ ಗುರುತುಗಳಿರುತ್ತವೆ. ಮೃದಂಗದವರು ಮೋಹರ, ಮುಕ್ತಾಯ ಎಂದು ಲೆಕ್ಕ ಕಟ್ಟಿ ಮೂರು ಸಲ ತಿರುಗಿಸಿ ಸಮಕ್ಕೋ ಹಾಡು ಶುರುವಾಗುವ ಎತ್ತುಗಡೆಗೋ ತಂದಿಳಿಸುತ್ತಾರೆ. ‘ಬರ್ಡ್ಸ್ ಆಫ್ ಫೈರ್’ನಲ್ಲಿ ಅಂಥ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಹದಿನೆಂಟು ಎಂಬುದು ಒಂದು ಸ್ವರಗುಚ್ಛ. ಅದು ಬಿಡದೆ ತಿರುಗುತ್ತದೆ, ಅದರ ಮೇಲೆ ಏಕವಾದನ ಹರಿಯುತ್ತದೆ. ತಾಳವನ್ನು ಕೈಯಿಂದ ಎತ್ತಿ ವಾದ್ಯಕ್ಕೆ ಕಟ್ಟಿದ ಹಾಗೆ. ಮದ್ದಳೆಯವರಿಗೆ ಎಣಿಕೆ ಸಿಕ್ಕಿದ್ದರಿಂದ ಅವರು ಮುಕ್ತಾಯಕ್ಕೆ ಕಾದರು, ಅದು ಬರಲಿಲ್ಲ. “ಬಿಡ್ತಿಗೆಯೇ ಇಲ್ಲದೆ ಪದ್ಯ ನಿಲ್ಲಿಸಿದ ಹಾಗಾಯಿತು” (ಬಿಡ್ತಿಗೆ ಎಂದರೆ ಯಕ್ಷಗಾನದಲ್ಲಿ ಪದ್ಯ ಮುಗಿಸುವ ನುಡಿತ) ಎಂದು ಮುಖ ಸಣ್ಣದು ಮಾಡಿಕೊಂಡರು. ‘ನಮ್ಮದೇ’ ಎಂದು ಬಾಚಿಕೊಳ್ಳಲು ಹೋದವರಿಗೆ ಹೀಗೆ ಕಡೆಯಲ್ಲೊಂದು ನಿರಾಸೆ ಕಾದಿರುತ್ತದೆ.

ಇಷ್ಟೆಲ್ಲ ಹೇಳಿದಮೇಲೂ ಕೈಚಳಕದ ಪ್ರಶ್ನೆ ಪೂರ್ತಿ ಕರಗುವುದಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲೋ ಕರ್ನಾಟಕ ಸಂಘದಲ್ಲೋ ಯಕ್ಷಗಾನ ನೋಡಿದವರಿಗೆ ಈ ಪ್ರಶ್ನೆ ಹೊಸದಲ್ಲ. ವೇಷಧಾರಿ ಸಾಲಾಗಿ ಗಿರಕಿ ಹೊಡೆದರೆ, ಧೀಂಗಿಣ ಹಾಕಿದರೆ ಸಭೆ ಎಣಿಸುತ್ತದೆ: ಇಪ್ಪತ್ತು, ಮೂವತ್ತು. ಚಪ್ಪಾಳೆ ಬೀಳುತ್ತದೆ. ಮುಂದಿನ ಸಾಲಿನ ಹಿರಿಯರು ಮುಖ ಗಂಟಿಕ್ಕುತ್ತಾರೆ. ಅಭಿಮನ್ಯು ಯುದ್ಧಕ್ಕೆ ನುಗ್ಗುವಾಗಿನ ಗಿರಕಿಗೂ, ಚಪ್ಪಾಳೆ ನಿಂತಿಲ್ಲವೆಂದು ಹೊಡೆಯುವ ಗಿರಕಿಗೂ ವ್ಯತ್ಯಾಸ ಅವರಿಗೆ ಕಾಣುತ್ತದೆ. ಕೌಶಲ ಎರಡರಲ್ಲೂ ಒಂದೇ.

ವಿಚಿತ್ರವೆಂದರೆ ಈಗಿನ ಎಳೆಯ ಕೇಳುಗರಿಗೆ ಆ ಕೌಶಲವೇ ಅಷ್ಟೇನೂ ದೊಡ್ಡದಾಗಿ ಕಾಣುವುದಿಲ್ಲ. ಅಣ್ಣನ ಮಗಳ ಮೊಬೈಲಿನಲ್ಲಿ ದಿನಕ್ಕೆ ಹತ್ತು ಮಕ್ಕಳು ಇದಕ್ಕಿಂತ ವೇಗವಾಗಿ ಗಿಟಾರ್ ನುಡಿಸುತ್ತವೆ. 1973ರಲ್ಲಿ ಬಾಯಿ ಬಿಟ್ಟು ಕೇಳಿದ್ದು ಇಂದು ಬೆರಳು ಸರಿಸಿದರೆ ಸಿಗುವ ಸರಕು. ಅವಳನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು: ಇವರ ಲಯ ಅಲ್ಲಲ್ಲಿ ಕೂದಲೆಳೆಯಷ್ಟು ಮುಂದಕ್ಕೆ ಓಡುತ್ತದೆ, ಐವರೂ ಒಟ್ಟಿಗೇ ಓಡುತ್ತಾರೆ. ಈಗಿನ ಧ್ವನಿಮುದ್ರಣದಲ್ಲಿ ಪ್ರತಿ ಪೆಟ್ಟನ್ನೂ ಗಣಕಯಂತ್ರದ ಗೆರೆಗೆ ಎಳೆದು ಕೂರಿಸಲಾಗುತ್ತದೆ. ಅವಳ ಓದಿನ ಪಾಠವೇ ಅದು. “ಇವರನ್ನು ಗೆರೆಗೆ ಕೂರಿಸಿದರೆ ಸತ್ತುಹೋಗುತ್ತಾರೆ” ಎಂದಳು. ಇದೇ ಆಲ್ಬಮ್ಮನ್ನು ‘ಯಾಂತ್ರಿಕ’ ಎಂದು ಬೈದ ತಲೆಮಾರೊಂದಿತ್ತು ಎಂದು ಹೇಳಿದರೆ ಅವಳು ನಂಬಲಿಲ್ಲ.

ನನ್ನ ತಕರಾರು ಬೇರೆ ಇದೆ, ಅದನ್ನೂ ಹೇಳಿಬಿಡುತ್ತೇನೆ. ‘ಒನ್ ವರ್ಡ್’ನ ನಡುವೆ ಗಿಟಾರ್, ಪಿಟೀಲು, ‘ಮೂಗ್’ ಎಂಬ ಸಿಂಥಸೈಸರ್ (ವಿದ್ಯುತ್ತಿನಿಂದ ನಾದ ಹುಟ್ಟಿಸುವ ಕೀಬೋರ್ಡ್) ಮೂರೂ ಒಂದರ ಬೆನ್ನಿಗೊಂದು ಮಾತು ಎತ್ತಿಕೊಳ್ಳುತ್ತವೆ. ಸವಾಲು ಜವಾಬಿನ ಹಾಗೆ ಶುರುವಾಗುತ್ತದೆ. ಆದರೆ ಮೂವರ ಸ್ಥಾಯಿಯೂ ಹೆಚ್ಚುಕಡಿಮೆ ಒಂದೇ, ಬಣ್ಣವೂ ಒಂದೇ. ಹ್ಯಾಮರ್‌ನ ಸಿಂಥಸೈಸರ್ ಒಂದು ಸಲಕ್ಕೆ ಒಂದೇ ಸ್ವರ ನುಡಿಸಬಲ್ಲ ಯಂತ್ರ. ಪಕ್ಕದ ಚಕ್ರವನ್ನು ತಿರುಗಿಸಿ ಸ್ವರವನ್ನು ಬಾಗಿಸುತ್ತಾರೆ. ಅತ್ತೆ ಅದನ್ನು ಕೇಳಿದೊಡನೆ “ಮೀಂಡ್!” ಎಂದರು, ಆ ಸಂಜೆ ಅವರು ತಾವಾಗಿ ಮೆಚ್ಚಿದ್ದು ಅದೊಂದನ್ನೇ. ಆದರೆ ಹೀಗೆ ಬಾಗಿದ ಸಿಂಥಸೈಸರ್ ಗಿಟಾರಿನಂತೆ ಕೇಳಿಸುತ್ತದೆ, ಗಿಟಾರು ಪಿಟೀಲಿನಂತೆ, ವಿದ್ಯುತ್ ಹಾಯಿಸಿದ ಪಿಟೀಲು ಮತ್ತೆ ಗಿಟಾರಿನಂತೆ. ಯಾರು ಸವಾಲು, ಯಾರು ಜವಾಬು ಎಂದು ತಿಳಿಯುವುದರೊಳಗೆ ಸರದಿ ಮುಗಿದಿರುತ್ತದೆ. ಮೂವರೂ ಮಾತನಾಡುತ್ತಾರೆ, ಕೇಳಿಸಿಕೊಳ್ಳಲು ಒಬ್ಬನಾದರೂ ತುಸು ಹಿಂದೆ ಸರಿಯುವುದು ಕಡಿಮೆ. ಕಚೇರಿಯಲ್ಲಿ ಗಾಯಕರ ಆಲಾಪನೆಯ ಬೆನ್ನಿಗೆ ಪಿಟೀಲು ಅರ್ಧ ಹೆಜ್ಜೆ ಹಿಂದಿನಿಂದ ಬರುತ್ತದಲ್ಲ, ಆ ಅರ್ಧ ಹೆಜ್ಜೆ ಇಲ್ಲಿಲ್ಲ. ಡ್ರಮ್ ಇಲ್ಲದ, ಮರದ ಗಿಟಾರು ಮತ್ತು ಪಿಯಾನೊದ ‘ಥೌಸಂಡ್ ಐಲೆಂಡ್ ಪಾರ್ಕ್’ನಲ್ಲಿ ಮಾತ್ರ ಅದರ ಸುಳಿವು ಸಿಗುತ್ತದೆ. ಅತ್ತೆಗೆ ಇಷ್ಟವಾದೀತು ಎಂದು ನಾನು ಕಾದಿದ್ದೆ. “ಚೆಂದ ಇದೆ, ಅಷ್ಟೇ” ಎಂದುಬಿಟ್ಟರು.

ತಂಡದ ಮುಂದಿನ ಕಥೆ ಈ ತಕರಾರಿಗೆ ತಕ್ಕ ಹಾಗೆಯೇ ನಡೆಯಿತು. ಎರಡೂ ಆಲ್ಬಮ್ಮುಗಳ ಎಲ್ಲ ರಚನೆಗಳೂ ಮ್ಯಾಕ್‌ಲಾಫ್ಲಿನ್ ಹೆಸರಿನಲ್ಲಿದ್ದವು. ಉಳಿದವರಿಗೆ ತಮ್ಮ ರಚನೆಗಳೂ ಬೇಕೆನಿಸಿತು. 1973ರಲ್ಲಿ ಲಂಡನ್ನಿನ ಟ್ರೈಡೆಂಟ್ ಸ್ಟುಡಿಯೋದಲ್ಲಿ ಮೂರನೆಯ ಆಲ್ಬಂ ಧ್ವನಿಮುದ್ರಣವಾಗಿ ಅಲ್ಲೇ ಉಳಿಯಿತು. ಜನರ ಕಿವಿಗೆ ಅದು ಬಿದ್ದದ್ದು 1999ರಲ್ಲಿ. ವರ್ಷ ಮುಗಿಯುವಷ್ಟರಲ್ಲಿ ಮೂಲ ತಂಡ ಒಡೆದಿತ್ತು. ಭಾವನಿಗೆ ಈ ಕಥೆ ಹೇಳಿದರೆ ಕೋಪ. “ಒಡೆದದ್ದಕ್ಕೆ ಜಗಳ ಕಾರಣ, ಸಂಗೀತದಲ್ಲಿ ಅದನ್ನು ಯಾಕೆ ಹುಡುಕುತ್ತೀರಿ?” ಎನ್ನುತ್ತಾರೆ. ಧೋಬಿ ತಲಾವಿನ ರಂಗಭವನದಲ್ಲಿ 1978ರಲ್ಲಿ ಮೊದಲ ‘ಜಾಝ್ ಯಾತ್ರಾ’ ಸಂಗೀತೋತ್ಸವ ನಡೆದಾಗ ಹೊಸದಾಗಿ ಗುಮಾಸ್ತೆಯಾಗಿದ್ದ ಅವರು ಅಲ್ಲಿ ರಾತ್ರಿ ಕೂತಿದ್ದರು, ಈ ಎಲ್‌ಪಿ ಅದಾದ ಸ್ವಲ್ಪ ಕಾಲಕ್ಕೆ ಚೋರ್ ಬಜಾರಿನಲ್ಲಿ ಕೊಂಡದ್ದು. ಅವರ ಮಟ್ಟಿಗೆ ಇದು ಮುಂಬೈ ತನಗೆ ಕೊಟ್ಟ ಮೊದಲ ವಸ್ತು. ಅಂಥದನ್ನು ತೂಗಿ ನೋಡು ಎಂದು ನಾನು ಹೇಳುವುದು ತಪ್ಪೇ.

ಕಡೆಯ ತುಣುಕು ‘ರೆಸೊಲ್ಯೂಷನ್’, ಎರಡು ನಿಮಿಷದ್ದು. ಒಂದೇ ಮಾತು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ಮುಳ್ಳು ಒಳಸುತ್ತಿಗೆ ಬಂದು ಗರಗರ ಎನ್ನುತ್ತಿತ್ತು, ಎತ್ತಲು ಯಾರೂ ಏಳಲಿಲ್ಲ. ಮದ್ದಳೆಯವರು ಹೊರಡುವಾಗ ಬಾಗಿಲಲ್ಲಿ ನಿಂತು ಭಾವನಿಗೆ ಮತ್ತೊಮ್ಮೆ ತೋರಿಸಿದರು, ಬಾಗಿಲ ಚೌಕಟ್ಟಿನ ಮೇಲೆ ಬೆರಳಿನಿಂದ: ಮೂರು ಖಂಡ, ಒಂದು ತಿಶ್ರ. ಭಾವ ತಲೆಯಾಡಿಸಿದರು, ಮೂರು ಮೂರರಂತೆ, ಆರು ಸಲ.

ಬರುವ ಭಾನುವಾರ ಭಾವನ ಮನೆಯಲ್ಲಿ ಶಕ್ತಿಯ 1976ರ ಎಲ್‌ಪಿ. ಅತ್ತೆಯೂ ಬರುತ್ತಾರಂತೆ, ಒಂದು ಷರತ್ತಿನ ಮೇಲೆ. ಮೊದಲು ಒಂದು ಗಂಟೆ ಮನ್ಸೂರರನ್ನು ಹಾಕಬೇಕು, ಅಷ್ಟು ಹೊತ್ತು ಯಾರೂ ಎಣಿಸಬಾರದು.